ಲವಂಗದಂಥ ಹಲ್ಲಿನ ಮೊಸಳೆ

ಇದು ಮಸಾಲೆ ಡಬ್ಬಿಯಿಂದ ಎತ್ತಿಕೊಂಡು ಬಂದ ಲವಂಗ. ತಾಳಿ, ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ. ಹಾಂ, ಈಗ ಸರಿಯಾಗಿ ಕಾಣುತ್ತಿದೆ. ಕೆಳಗೆ ಕಡ್ಡಿ, ಮೇಲೆ ಅಗಲವಾದ ತಲೆ, ತಲೆಯ ಅಂಚಿನಲ್ಲಿ ಪುಟ್ಟ ಪುಟ್ಟ ಮೊನೆಗಳು. ಹೆಚ್ಚು ಕಡಿಮೆ ಇದೇ ಆಕಾರದ ಹಲ್ಲು ಒಂದು ಮೊಸಳೆಯ ಬಾಯಲ್ಲಿ ಇತ್ತು ಅಂದರೆ ನಂಬುತ್ತೀರಾ?

ಅದರ ಹೆಸರು ಸಿಮೋಸುಕಸ್. ಊರು ಮಡಗಾಸ್ಕರ್. ಲವಂಗ ಬೆಳೆಯೋದರಲ್ಲೂ ಅದೇ ದೇಶಕ್ಕೆ ದೊಡ್ಡ ಹೆಸರು, ಸುಮ್ನೆ ಹೇಳಿದೆ. ಸುಮಾರು 7 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ ಇದು ಅಲ್ಲಿ ಓಡಾಡಿಕೊಂಡಿತ್ತು. ದ್ವೀಪದ ವಾಯವ್ಯಕ್ಕಿರುವ ಮಹಾಜಂಗ ಕಡೆ ಮೂಳೆಗಳು ಸಿಕ್ಕವು, 2000ದಲ್ಲಿ ಹೆಸರಿಟ್ಟರು. ಹೆಸರಿನ ಅರ್ಥ ಮೊಂಡು ಮೂಗಿನ ಮೊಸಳೆ.

ಮೊಂಡು ಅಂದರೆ ನಿಜವಾಗಿಯೂ ಮೊಂಡು. ಉದ್ದ ಮೂತಿ ಇಲ್ಲವೇ ಇಲ್ಲ, ಪಗ್ ನಾಯಿ ಮುಖ. ಮೂತಿಯಿಂದ ಬಾಲದ ತುದಿವರೆಗೆ ಅಳೆದರೂ ಮುಕ್ಕಾಲು ಮೀಟರ್ ಅಷ್ಟೇ, ಅದರಲ್ಲಿ ಬಾಲ ಒಂಚೂರು. ಬೆನ್ನು, ಹೊಟ್ಟೆ, ಕೊನೆಗೆ ಕಾಲಿನ ಮೇಲೂ ಮೂಳೆಯ ಬಿಲ್ಲೆಗಳು. ವಾಸ ನೀರಲ್ಲಲ್ಲ, ನೆಲದ ಮೇಲೆ. ಮಜುಂಗಸಾರಸ್ ಅನ್ನೋ ದೊಡ್ಡ ಮಾಂಸಾಹಾರಿ ಡೈನೋಸಾರ್ ಅದೇ ಊರಿನಲ್ಲಿತ್ತು, ಅಂಥದ್ದರ ನಡುವೆ ಬದುಕೋಕೆ ಇಷ್ಟು ಕವಚ ಅತಿಯಾಯಿತು ಅಂತ ನನಗೇನೂ ಅನಿಸುವುದಿಲ್ಲ.

ಮತ್ತೆ ಹಲ್ಲಿಗೆ ಬರೋಣ, ನನಗೆ ಇಷ್ಟವಾದ ಭಾಗ ಅದೇ. ಈಗಿನ ಮೊಸಳೆಯ ಹಲ್ಲು ಮೊಳೆ ಇದ್ದ ಹಾಗೆ. ಹಿಡಿಯುತ್ತೆ, ಹರಿಯುತ್ತೆ, ನುಂಗುತ್ತೆ, ಅಗಿಯುವ ಕೆಲಸವೇ ಇಲ್ಲ. ಸೊಪ್ಪು ತಿನ್ನುವ ಪ್ರಾಣಿಗೆ ಅದು ಸಾಲದು, ಎಲೆ ಕತ್ತರಿಸೋಕೆ ಒಂದೇ ಹಲ್ಲಿನಲ್ಲಿ ಸಾಲು ಮೊನೆ ಬೇಕು, ಇಗ್ವಾನಾ ಅನ್ನೋ ಸೊಪ್ಪು ತಿನ್ನುವ ದೊಡ್ಡ ಓತಿಯ ಬಾಯಲ್ಲಿ ಇರುತ್ತಲ್ಲ, ಹಾಗೆ. ಸಿಮೋಸುಕಸ್ ಹಲ್ಲು ಇರುವುದೂ ಹಾಗೇ. 2019ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 16 ಬಗೆಯ ಅಳಿದುಹೋದ ಮೊಸಳೆ ಬಂಧುಗಳ 146 ಹಲ್ಲುಗಳನ್ನು ಅಳೆದು ನೋಡಿ, ಈ ಬಳಗದಲ್ಲಿ ಸಸ್ಯಾಹಾರ ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಶುರುವಾಗಿದೆ ಅಂದರು. ಮೂರು ಸಲ! ಮೊಸಳೆ ಕೋಟ್ಯಂತರ ವರ್ಷದಿಂದ ಬದಲಾಗೇ ಇಲ್ಲ ಅಂತ ಸ್ಕೂಲಿನಲ್ಲಿ ನಾನೂ ಬಾಯಿಪಾಠ ಮಾಡಿದ್ದೆ.

ಅಂದಹಾಗೆ, ತಮಿಳುನಾಡಿನ ಅರಿಯಲೂರು ಹತ್ತಿರದ ಕಲ್ಲಮೇಡುವಿನಲ್ಲೂ ಸಿಮೋಸುಕಸ್‌ನದ್ದನ್ನು ಹೋಲುವ ಹಲ್ಲು ಸಿಕ್ಕಿದೆ. ಭಾರತ, ಮಡಗಾಸ್ಕರ್ ಒಂದು ಕಾಲಕ್ಕೆ ಅಂಟಿಕೊಂಡೇ ಇದ್ದ ನೆಲ ಅಲ್ವಾ, ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಬೆಂಗಳೂರಿನಿಂದ ಒಂದು ದಿನದ ದಾರಿ, ಹೋಗಿ ಆ ಮಣ್ಣನ್ನಾದರೂ ನೋಡಿಕೊಂಡು ಬರಬೇಕು.

ಸರಿ, ಅಮ್ಮ ಆಗಲೇ ಎರಡು ಸಲ ಕೂಗಿದರು. ಪಲಾವ್‌ಗೆ ಲವಂಗ ಬೇಕಂತೆ.