ಹುಣ್ಣಿಮೆ ನೋಡಿ ಟಿಕೆಟ್ ತೆಗೆಸಿ: ಆಲ್ಪ್ಸ್ ಸರೋವರಗಳ ವಸಂತ

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್, ಮೇ ಬಂತು ಅಂದರೆ ನಮ್ಮಲ್ಲಿ ಶಾಲೆಗೆ ರಜೆ. ಮಗನೋ ಮಗಳೋ ಮ್ಯೂನಿಕ್‌ನಲ್ಲೋ ವಿಯೆನ್ನಾದಲ್ಲೋ ಕೆಲಸದಲ್ಲಿದ್ದರೆ ಅಪ್ಪ ಅಮ್ಮ ವಿಮಾನ ಹತ್ತುವುದೂ ಹೆಚ್ಚಾಗಿ ಆಗಲೇ. ಅಲ್ಲಿ ಆಗಷ್ಟೇ ಚಳಿ ಬಿಡುತ್ತಿರುತ್ತದೆ. ವಾರದ ಕೊನೆಗೆ ಎಲ್ಲಿಗಾದರೂ ಹೋಗೋಣ ಅಂತ ಮಾತು ಬರುತ್ತದೆ. ಯಾರೋ ಹಾಲ್‌ಸ್ಟಾಟ್ ಅನ್ನುತ್ತಾರೆ. ಬಸ್ಸಿನಲ್ಲಿ ಹೋಗಿ, ಸರೋವರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಒಂದು ಐಸ್‌ಕ್ರೀಂ ತಿಂದು ವಾಪಸ್. ಅಷ್ಟಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಹೇಳಿ?

ಹಾಲ್‌ಸ್ಟಾಟ್ ಇರುವುದು ಆಸ್ಟ್ರಿಯಾದ ಸಾಲ್ಜ್‌ಕಾಮರ್‌ಗುಟ್ ಎಂಬ ಸೀಮೆಯಲ್ಲಿ. ಬೆಟ್ಟಗಳ ನಡುವೆ ಹತ್ತಾರು ಸರೋವರಗಳು, ಒಂದೊಂದರ ದಂಡೆಗೂ ಒಂದೆರಡು ಸಣ್ಣ ಊರುಗಳು. ಹಿಂದೆ ಇಲ್ಲಿಯ ಬದುಕೆಲ್ಲ ಉಪ್ಪಿನ ಗಣಿಯನ್ನು ನಂಬಿಕೊಂಡಿತ್ತು. ಹಾಲ್‌ಸ್ಟಾಟ್ ಮತ್ತು ಸುತ್ತಲಿನ ಡಾಖ್‌ಸ್ಟೈನ್ ಬೆಟ್ಟದ ಸೀಮೆ 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇದೆಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಬಿಡಿ. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ. ಇಲ್ಲಿಗೆ ವಸಂತದಲ್ಲಿ ಹೋಗುವುದಾದರೆ ಮೊದಲು ಊರು ಆರಿಸಬೇಡಿ. ದಿನ ಆರಿಸಿ. ಯಾವ ಊರಿನಲ್ಲಿ ಯಾವಾಗ ಹಬ್ಬ ಅಂತ ನೋಡಿ, ಅದರ ಸುತ್ತ ಪ್ರವಾಸ ಕಟ್ಟಿಕೊಳ್ಳಿ.

ದಿನ ಆರಿಸುವುದು ಸುಲಭವಲ್ಲ. ಯಾಕೆಂದರೆ ಇಲ್ಲಿಯ ದೊಡ್ಡ ಹಬ್ಬಗಳು ಈಸ್ಟರ್ ಹಿಂದೆ ಮುಂದೆ ಓಡುತ್ತವೆ, ಈಸ್ಟರ್ ಚಂದ್ರನ ಹಿಂದೆ ಓಡುತ್ತದೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ ಈಸ್ಟರ್. ಚರ್ಚಿಗೆ ಹುಣ್ಣಿಮೆ ಲೆಕ್ಕ ಹಾಕುವ ತನ್ನದೇ ಕೋಷ್ಟಕ ಇದೆ, ಅದು ಬೇರೆ ಮಾತು. 2026ರಲ್ಲಿ ಈಸ್ಟರ್ ಏಪ್ರಿಲ್ 5ಕ್ಕೆ. 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ. 2028ರಲ್ಲಿ ಏಪ್ರಿಲ್ 16. ಪಂಚಾಂಗ ತಿರುವಿ ಅಭ್ಯಾಸ ಇರುವ ನಮಗೆ ಇದೇನು ಕಷ್ಟ ಅಲ್ಲ, ಅಲ್ವಾ? ಆದರೆ ಹೋದ ವರ್ಷ ಗೆಳೆಯರು ಹೋಗಿದ್ದ ತಾರೀಖನ್ನೇ ಹಿಡಿದು ಟಿಕೆಟ್ ತೆಗೆಸಿದರೆ ಖಾಲಿ ಚೌಕ ನೋಡಿಕೊಂಡು ಬರಬೇಕಾಗುತ್ತದೆ.

ಮೊದಲ ಹಬ್ಬ ಈಸ್ಟರ್‌ಗೆ ಮೂರು ವಾರ ಮುಂಚಿನ ಭಾನುವಾರ, ಗ್ಮುಂಡನ್ ಎಂಬ ಊರಿನಲ್ಲಿ. ಟ್ರೌನ್ ಸರೋವರದ ಉತ್ತರದ ತುದಿಯಲ್ಲಿದೆ ಇದು. ಆಸ್ಟ್ರಿಯಾದ ಅತಿ ಆಳದ ಸರೋವರ ಇದೇ, 191 ಮೀಟರ್. ಆ ಭಾನುವಾರ ಊರಿನವರು ಒಬ್ಬರಿಗೊಬ್ಬರು ಹೃದಯದ ಆಕಾರದ ಜೇನಿನ ಬಿಸ್ಕತ್ತು ಕೊಡುತ್ತಾರೆ. ಮೇಲೆ ಸಕ್ಕರೆ ಪಾಕದಲ್ಲಿ ಒಂದೆರಡು ಪ್ರೀತಿಯ ಮಾತು ಬರೆದಿರುತ್ತದೆ. ಇದರ ಮೂಲ 17ನೇ ಶತಮಾನದ್ದು. ಆಗ ಚರ್ಚಿನ ಒಂದು ಸಂಘದವರು ಈ ಭಾನುವಾರ ಊರಿನ ಬಡವರನ್ನೂ ವಯಸ್ಸಾದವರನ್ನೂ ಕರೆದು ಊಟ ಹಾಕುತ್ತಿದ್ದರು. ಊಟ ಹೋಗಿ ಬಿಸ್ಕತ್ತು ಉಳಿದಿದೆ. ಹಲವರು ಹಳೇ ಕಾಲದ ಉಡುಪು ತೊಟ್ಟು ಬರುತ್ತಾರೆ. ಆದರೆ ಅದು ಮಾರ್ಚ್ ತಿಂಗಳು, ನೆನಪಿರಲಿ. ಎದುರಿಗಿರುವ 1691 ಮೀಟರ್ ಎತ್ತರದ ಟ್ರೌನ್‌ಸ್ಟೈನ್ ಬೆಟ್ಟದ ತಲೆ ಇನ್ನೂ ಬಿಳಿ. ಸ್ವೆಟರ್ ಸಾಲದು, ಕೋಟು ಬೇಕು.

ಮೇ 1 ಮಾತ್ರ ಚಂದ್ರನ ಮಾತು ಕೇಳುವುದಿಲ್ಲ. ಆ ದಿನ ಅಥವಾ ಹಿಂದಿನ ದಿನ ಊರೂರಿನಲ್ಲೂ ಒಂದು ಕಂಬ ಎದ್ದು ನಿಲ್ಲುತ್ತದೆ. ಉದ್ದನೆಯ ಸ್ಪ್ರೂಸ್ ಮರ ಕಡಿದು, ತೊಗಟೆ ಸುಲಿದು, ತುದಿಯಲ್ಲಿ ಮಾತ್ರ ಹಸಿರು ಬಿಟ್ಟು, ಹಸಿರು ಸೊಪ್ಪಿನ ಬಳೆ ಕಟ್ಟಿ ಎತ್ತುತ್ತಾರೆ. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಕಳ್ಳತನ. ಪಕ್ಕದೂರಿನ ಹುಡುಗರು ರಾತ್ರಿ ಬಂದು ಕಂಬ ಕದಿಯಬಹುದು. ಕದ್ದರೆ ಪೊಲೀಸಿಗೆ ದೂರು ಕೊಡುವ ಪದ್ಧತಿ ಇಲ್ಲ. ಬಿಯರ್ ಮತ್ತು ಊಟ ಕೊಟ್ಟು ಬಿಡಿಸಿಕೊಂಡು ಬರಬೇಕು. ಹಾಗಾಗಿ ಕಂಬಕ್ಕೆ ರಾತ್ರಿಯೆಲ್ಲ ಕಾವಲು. ನಿಜ ಹೇಳಬೇಕೆಂದರೆ ಕಾವಲಿನವರಿಗೂ ಅಲ್ಲೇ ಬಿಯರ್ ನಡೆದಿರುತ್ತದೆ.

ಮೇ ಮೊದಲ ಎರಡು ವಾರ ಬಿಸಿಲು ಕಂಡು ಮೋಸ ಹೋಗಬೇಡಿ. ಮೇ 12ರಿಂದ 15ರವರೆಗಿನ ದಿನಗಳಿಗೆ ಅಲ್ಲಿಯವರು ಹಿಮದ ಸಂತರ ದಿನ ಅನ್ನುತ್ತಾರೆ. ಪಂಕ್ರಾಸ್, ಸರ್ವಾಸ್, ಬೊನಿಫೇಸ್, ಕೊನೆಗೆ ತಣ್ಣನೆಯ ಸೋಫಿ. ಈ ನಾಲ್ವರು ದಾಟುವ ತನಕ ಟೊಮೆಟೊ ಸಸಿ ಹೊರಗೆ ನೆಡಬಾರದು ಅಂತ ಅಜ್ಜಿಯರ ಮಾತು. ಪ್ರತಿ ವರ್ಷ ಹಿಮ ಬೀಳುತ್ತದೆ ಅಂತೇನಿಲ್ಲ. ಆದರೂ ಮೊಮ್ಮಗುವಿಗೆ ಒಂದು ಉಣ್ಣೆ ಟೋಪಿ ಚೀಲದಲ್ಲಿರಲಿ.

ಈಗ ಹೂವಿಗೆ ಬರೋಣ. ಸರೋವರ ಸೀಮೆಯ ದಕ್ಷಿಣದ ಕೊನೆಯಲ್ಲಿ ಬಾಡ್ ಔಸೇ ಅಂತ ಊರಿದೆ. ಮೇ ತಿಂಗಳಲ್ಲಿ ಅದರ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಬಿಳಿ ನಾರ್ಸಿಸಸ್ ಅರಳುತ್ತದೆ. ಆರು ಎಸಳು, ನಡುವೆ ಕೆಂಪಂಚಿನ ಪುಟ್ಟ ಹಳದಿ ಬಟ್ಟಲು, ಗಾಢ ವಾಸನೆ. ಮೊದಲು ತಗ್ಗಿನಲ್ಲಿ, ಆಮೇಲೆ ಎತ್ತರದಲ್ಲಿ. 1960ರಿಂದ ಇದರ ಹೆಸರಿನಲ್ಲಿ ನಾಲ್ಕು ದಿನದ ಉತ್ಸವ ನಡೆಯುತ್ತಿದೆ, ಮೇ ಕೊನೆಗೆ ಅಥವಾ ಜೂನ್ ಶುರುವಿಗೆ. ತಂತಿಯ ಚೌಕಟ್ಟು ಮಾಡಿ, ಅದರ ತುಂಬ ಸಾವಿರಾರು ಹೂ ಸಿಕ್ಕಿಸಿ ಕರಡಿ, ನವಿಲು, ಕಾರ್ಟೂನು ಗೊಂಬೆ ಹೀಗೆ ಏನೇನೋ ಕಟ್ಟುತ್ತಾರೆ. ಮನೆಯವರು, ಗೆಳೆಯರು, ಬ್ಯಾಂಡಿನವರು ಎಲ್ಲರೂ ಹೂ ಬಿಡಿಸಲು ಹೋಗಬೇಕು. ಭಾನುವಾರ ಆ ಬೊಂಬೆಗಳು ಮೊದಲು ರಸ್ತೆಯಲ್ಲಿ ಮೆರವಣಿಗೆ ಹೋಗುತ್ತವೆ. ಆಮೇಲೆ ಹತ್ತಿರದ ಸರೋವರದಲ್ಲಿ ಚಪ್ಪಟೆ ತಳದ ಮರದ ದೋಣಿಗಳ ಮೇಲೆ ಕೂತು ಸುತ್ತು ಹಾಕುತ್ತವೆ.

ಇಷ್ಟೊಂದು ಹೂ ಕಿತ್ತರೆ ಹೂವೇ ಮುಗಿದುಹೋಗುವುದಿಲ್ಲವೇ ಅಂತ ನಿಮಗೆ ಅನ್ನಿಸಬಹುದು. ಇದು ಗೆಡ್ಡೆಯ ಗಿಡ. ಹೂ ಮಾತ್ರ ಕಿತ್ತರೆ ಕೆಳಗೆ ಗೆಡ್ಡೆ ಉಳಿಯುತ್ತದೆ. ಅದಕ್ಕೆ ನಿಜವಾದ ಪೆಟ್ಟು ಬೀಳುವುದು ಹುಲ್ಲುಗಾವಲಿಗೆ ಗೊಬ್ಬರ ಜಾಸ್ತಿ ಸುರಿದು, ಬೇಗ ಬೇಗ ಹುಲ್ಲು ಕೊಯ್ದಾಗ. ತೇವದ, ಬಡ ಮಣ್ಣಿನ, ತಡವಾಗಿ ಕೊಯ್ಯುವ ಗಾವಲೇ ಅದಕ್ಕೆ ಬೇಕು. ಹಾಗಂತ ನೀವು ಫೋಟೋಗಾಗಿ ಗಾವಲಿನ ನಡುವೆ ನುಗ್ಗಬೇಡಿ. ಅದು ಯಾರದೋ ಹಸುವಿನ ಮೇವು. ಹೂವೂ ಗೆಡ್ಡೆಯೂ ವಿಷ, ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಇನ್ನು ಹಾಲ್‌ಸ್ಟಾಟ್. ಅಲ್ಲಿಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಈಸ್ಟರ್ ಆದ ಅರವತ್ತನೇ ದಿನ, ಗುರುವಾರ, ಪರಮ ಪ್ರಸಾದದ ಹಬ್ಬ. ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು ಕ್ರಿಸ್ತನ ಶರೀರವೆಂದು ಗೌರವಿಸುವ ದಿನ. ನಮ್ಮ ಕ್ರೈಸ್ತ ಬಂಧುಗಳಿಗೆ ಇದು ಗೊತ್ತು. ಬೇರೆ ಊರುಗಳಲ್ಲಿ ಆ ದಿನ ಬೀದಿಯಲ್ಲಿ ಮೆರವಣಿಗೆ. ಹಾಲ್‌ಸ್ಟಾಟ್‌ನಲ್ಲಿ ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ನೀರು, ನಡುವೆ ಸುಮ್ನೆ ಒಂದು ಪಟ್ಟಿ ನೆಲ. ಸ್ಮಶಾನಕ್ಕೂ ಜಾಗ ಸಾಲದೆ ಹಳೆ ಮೂಳೆಗಳನ್ನು ತೆಗೆದು ಒಂದು ಕೋಣೆಯಲ್ಲಿ ಜೋಡಿಸಿಟ್ಟ ಊರು ಅದು. ಅಲ್ಲಿ ಮೆರವಣಿಗೆ ನೀರಿಗೇ ಇಳಿಯುತ್ತದೆ. ಪಾದ್ರಿ, ವಾದ್ಯದವರು, ಊರಿನ ಜನ, ಎಲ್ಲರೂ ದೋಣಿಗಳಲ್ಲಿ. ನಮ್ಮ ತೆಪ್ಪೋತ್ಸವ ನೋಡಿದವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಿಲ್ಲ. ಟ್ರೌನ್ ಸರೋವರದ ಟ್ರೌನ್‌ಕಿರ್ಷನ್ ಊರಿನಲ್ಲೂ ಇದೇ ದಿನ ಇಂಥದೇ ಮೆರವಣಿಗೆ, 1632ರಿಂದ. ಎರಡರಲ್ಲಿ ಒಂದೇ ನೋಡಬಹುದು ಅಂದರೆ ನಾನು ಟ್ರೌನ್‌ಕಿರ್ಷನ್ ಅನ್ನುತ್ತೇನೆ. ಅಲ್ಲಿ ನೂಕುನುಗ್ಗಲು ಕಡಿಮೆ. 2026ರಲ್ಲಿ ಈ ಹಬ್ಬ ಜೂನ್ 4ಕ್ಕೆ, 2027ರಲ್ಲಿ ಮೇ 27ಕ್ಕೆ. ಗಾಳಿ ಮಳೆ ಜೋರಾದರೆ ದೋಣಿ ಹೊರಡುವುದು ಕಷ್ಟ. ಈ ಸೀಮೆಯಲ್ಲಿ ಮಳೆ ಬಹಳ. ಮಲೆನಾಡಿನವರಿಗೆ ಮನೆಗೆ ಬಂದ ಹಾಗಾದೀತು.

ಓಡಾಟದ ಚಿಂತೆ ಬೇಡ. 1877ರಲ್ಲಿ ಹಾಕಿದ ಒಂದೇ ರೈಲು ಹಳಿ ಈ ಊರುಗಳನ್ನೆಲ್ಲ ಮುಟ್ಟುತ್ತದೆ. ವಿಯೆನ್ನಾ ಸಾಲ್ಜ್‌ಬುರ್ಗ್ ದಾರಿಯ ಅಟ್ನಾಂಗ್-ಪುಖ್‌ಹೈಮ್‌ನಲ್ಲಿ ಗಾಡಿ ಬದಲಿಸಿದರೆ ಗ್ಮುಂಡನ್, ಟ್ರೌನ್‌ಕಿರ್ಷನ್, ಬಾಡ್ ಇಶ್ಲ್, ಹಾಲ್‌ಸ್ಟಾಟ್, ಬಾಡ್ ಔಸೇ ಒಂದಾದ ಮೇಲೊಂದು ಬರುತ್ತವೆ. ಹಾಲ್‌ಸ್ಟಾಟ್ ಸ್ಟೇಷನ್ ಮಾತ್ರ ಊರಿನ ಎದುರು ದಂಡೆಯಲ್ಲಿದೆ. ಇಳಿದು ದೋಣಿ ಹತ್ತಿ ದಾಟಬೇಕು. ದೋಣಿ ಸಂಜೆ ಬೇಗ ನಿಲ್ಲುತ್ತದೆ, ಕೊನೆಯ ಹೊತ್ತು ಕೇಳಿಟ್ಟುಕೊಳ್ಳಿ. ಬೆಟ್ಟದ ಮೇಲಿನ ಆಸೆಯನ್ನು ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಬೇಡಿ. ಸ್ಕೀ ಕಾಲ ಮುಗಿದ ಮೇಲೆ ಅನೇಕ ಕೇಬಲ್ ಕಾರುಗಳನ್ನು ದುರಸ್ತಿಗೆ ನಿಲ್ಲಿಸುತ್ತಾರೆ. ಶಾಫ್‌ಬೆರ್ಗ್ ಬೆಟ್ಟ ಹತ್ತುವ, 1893ರ ಹಲ್ಲುಗಾಲಿ ರೈಲು ಕೂಡ ಚಳಿಗಾಲವೆಲ್ಲ ಮಲಗಿದ್ದು, ಹಿಮ ಕರಗಿದ ಮೇಲೆಯೇ ಏಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಹಬ್ಬದ ದಿನ ಅಂದರೆ ಸರ್ಕಾರಿ ರಜೆ. ಈಸ್ಟರ್ ಸೋಮವಾರ, ಮೇ 1, ಈ ದೋಣಿ ಮೆರವಣಿಗೆಯ ಗುರುವಾರ, ಮತ್ತೆ ಎಲ್ಲ ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ. ಹಾಲು, ಮೊಸರು, ಅಕ್ಕಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಹೋಟೆಲಿನಲ್ಲಿ ಸಸ್ಯಾಹಾರಿಗಳಿಗೆ ಕಾಸ್‌ಪ್ರೆಸ್‌ಕ್ನೋಡೆಲ್ ತಿನ್ನಿ ಅಂತ ಹೇಳುವವರು ಇರುತ್ತಾರೆ. ಬ್ರೆಡ್ಡು, ಚೀಸು, ಮೊಟ್ಟೆ ಕಲಸಿ ಕರಿದ ವಡೆ ಅದು, ರುಚಿಯೇ. ಆದರೆ ಹೆಚ್ಚಾಗಿ ಅದನ್ನು ದನದ ಮಾಂಸದ ಸಾರಿನಲ್ಲಿ ಹಾಕಿ ಕೊಡುತ್ತಾರೆ. ಸಾರು ಬೇಡ, ಸಲಾಡ್ ಜೊತೆ ಕೊಡಿ ಅಂತ ಮೊದಲೇ ಹೇಳಿ. ಯಾವುದೂ ಒಗ್ಗದಿದ್ದರೆ ಕೈಸರ್‌ಶ್ಮಾರ್ನ್ ಕೇಳಿ. ಹರಿದ ದಪ್ಪ ಪ್ಯಾನ್‌ಕೇಕಿಗೆ ಸಕ್ಕರೆ ಉದುರಿಸಿ, ಪ್ಲಮ್ ಹಣ್ಣಿನ ಗೊಜ್ಜಿನ ಜೊತೆ ಕೊಡುತ್ತಾರೆ. ಇದೂ ಮೊಟ್ಟೆ ತಿನ್ನುವವರಿಗೆ ಮಾತ್ರ. ಒಂದು ಪ್ಲೇಟು ಇಬ್ಬರಿಗೆ ಸಾಕು.

ನಮಸ್ಕಾರ.