ಬೆಳಗಿನ ಐದು ಗಂಟೆಯ ತೀರ್ಮಾನ

ಕೇಳುಗರಿಗೆ ನಮಸ್ಕಾರ.

ಜಡಿಮಳೆಯ ದಿನಗಳಲ್ಲಿ ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೆಳಗಾಗುತ್ತಲೇ ಏಳುವ ಪ್ರಶ್ನೆ, ಇಂದು ಶಾಲೆಗೆ ರಜೆಯೋ ಇಲ್ಲವೋ ಎಂಬುದು. ಇಲ್ಲಿ ಆ ಮಾತು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳಿಂದ ಬರುತ್ತದೆ. ಅಮೆರಿಕದ ಹಿಮ ಬೀಳುವ ಸೀಮೆಗಳಲ್ಲಿ ಅದನ್ನು ಹೇಳುವವರು ಶಾಲಾಡಳಿತದ ಸ್ಥಳೀಯ ಮುಖ್ಯಾಧಿಕಾರಿ. ಬಸ್ಸುಗಳು ಆರರ ಹೊತ್ತಿಗೆ ಹೊರಡುವುದರಿಂದ ಅವರು ಐದಕ್ಕೆಲ್ಲ ತೀರ್ಮಾನಿಸಿಬಿಡಬೇಕು. ಅದಕ್ಕೆಂದು ನಸುಕಿನಲ್ಲೇ ಕಾರು ತೆಗೆದು, ಬಸ್ಸು ಹತ್ತಬೇಕಾದ ಏರುಗಳಲ್ಲಿ ಬ್ರೇಕ್ ಒತ್ತಿ ಪರೀಕ್ಷಿಸಿ ಬರುವವರೂ ಇದ್ದಾರೆ. ಅವರಿಗೆ ಹವಾಮಾನ ಇಲಾಖೆಯಿಂದ ಮುಖ್ಯವಾಗಿ ತಿಳಿಯಬೇಕಾದದ್ದು ಒಟ್ಟು ಎಷ್ಟು ಹಿಮ ಎಂಬುದಲ್ಲ, ಯಾವ ಊರಿನಲ್ಲಿ, ಎಷ್ಟು ಹೊತ್ತಿಗೆ ಎಂಬುದು.

2014ರ ಜನವರಿ 28ರಂದು ಅಟ್ಲಾಂಟಾ ನಗರದಲ್ಲಿ ಬಿದ್ದ ಹಿಮ ಮೂರು ಅಂಗುಲವೂ ಇರಲಿಲ್ಲ. ನಸುಕಿನ ನಾಲ್ಕಕ್ಕೂ ಮುನ್ನವೇ ಎಚ್ಚರಿಕೆ ಹೊರಬಿದ್ದಿತ್ತು; ಆದರೂ ಶಾಲೆಗಳು ತೆರೆದವು. ಮಧ್ಯಾಹ್ನದ ಸುಮಾರಿಗೆ ಹಿಮ ಹಿಡಿದುಕೊಂಡಾಗ ಶಾಲೆ, ಕಚೇರಿ, ಅಂಗಡಿಗಳೆಲ್ಲ ಒಟ್ಟಿಗೇ ಬಿಟ್ಟವು. ರಸ್ತೆಗೆ ಬಿದ್ದ ಹಿಮ ಗಾಲಿಗಳಡಿ ಕರಗಿ, ಮರುಕ್ಷಣ ಗಾಜಿನಂತೆ ಹೆಪ್ಪುಗಟ್ಟಿತು. ಅದನ್ನು ಕರಗಿಸಲು ಉಪ್ಪು ಚೆಲ್ಲಬೇಕಾಗಿದ್ದ ಲಾರಿಗಳೂ ಅದೇ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಸಾವಿರಾರು ಮಕ್ಕಳು ಆ ರಾತ್ರಿ ವ್ಯಾಯಾಮಶಾಲೆ, ಗ್ರಂಥಾಲಯಗಳ ನೆಲದ ಮೇಲೆ ಮಲಗಿದರು. ಮುನ್ಸೂಚನೆಯನ್ನು ಮೊದಲು ದೂರಿದ ರಾಜ್ಯದ ಗವರ್ನರ್, ಬಳಿಕ ಜನರ ಕ್ಷಮೆ ಕೋರಿದರು.

ಅದೇ ವರ್ಷದ ನವೆಂಬರಿನಲ್ಲಿ ಬಫಲೋ ನಗರದ ಕಡೆ ನಡೆದದ್ದು ಇನ್ನೊಂದು ಬಗೆ. ಇನ್ನೂ ಬೆಚ್ಚಗಿದ್ದ ಈರಿ ಸರೋವರದ ಮೇಲೆ ಕೊರೆಯುವ ಗಾಳಿ ಹಾಯ್ದು, ತೇವವನ್ನು ಹೀರಿ, ಕಿರಿದಾದ ಒಂದು ಪಟ್ಟಿಯಾಗಿ ದಡ ಹತ್ತಿತು. ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೀರಿ ಹಿಮ ಬಿದ್ದರೆ, ಕೆಲವೇ ಮೈಲಿ ಉತ್ತರದಲ್ಲಿ ಕೆಲವು ಅಂಗುಲ ಮಾತ್ರ. ಇಂಥ ಕಡೆ ಇಡೀ ಜಿಲ್ಲೆಗೆ ಒಂದೇ ಮುನ್ಸೂಚನೆ ಕೊಟ್ಟರೆ ಅದು ಅರ್ಧ ಊರಿಗೆ ಸುಳ್ಳಾಗುತ್ತದೆ.

ತಪ್ಪಾಗುವುದು ಸುಲಭ. ಒಂದು ಅಂಗುಲ ಮಳೆಯಾಗಬೇಕಾದ ನೀರು ಹಿಮವಾದರೆ ಸುಮಾರು ಹತ್ತು ಅಂಗುಲವಾಗುತ್ತದೆ. ಮಳೆಯೋ ಹಿಮವೋ ಎಂಬುದನ್ನು ಕೆಲವೊಮ್ಮೆ ನಿರ್ಧರಿಸುವುದು ಮೋಡದಿಂದ ನೆಲದವರೆಗಿನ ಗಾಳಿಯಲ್ಲಿನ ಒಂದೆರಡು ಡಿಗ್ರಿಗಳ ವ್ಯತ್ಯಾಸ.

2015ರ ಜನವರಿಯಲ್ಲಿ ನ್ಯೂಯಾರ್ಕಿಗೆ ಎರಡಡಿಯಷ್ಟು ಹಿಮ ಬೀಳಬಹುದೆಂದು ಹೇಳಿದ್ದರಿಂದ 27ನೇ ತಾರೀಕಿಗೆ ಶಾಲೆಗಳಿಗೆ ಹಿಂದಿನ ದಿನವೇ ರಜೆ ಸಾರಲಾಯಿತು. ಬಿರುಗಾಳಿ ಪೂರ್ವಕ್ಕೆ ಸರಿಯಿತು. ಸೆಂಟ್ರಲ್ ಪಾರ್ಕಿನಲ್ಲಿ ಅಳೆದದ್ದು 9.8 ಅಂಗುಲ. ಅದೇ ಬಿರುಗಾಳಿಯ ಮುನ್ಸೂಚನೆ ತಪ್ಪಿದ್ದಕ್ಕೆ ಈ ಸಲ ಕ್ಷಮೆ ಕೇಳಿದವರು ನ್ಯೂಯಾರ್ಕಿಗೆ ಹತ್ತಿರದ ಫಿಲಡೆಲ್ಫಿಯಾ ಪ್ರದೇಶದ ಹವಾಮಾನ ಅಧಿಕಾರಿ. ನನಗಂತೂ ಇದು ಕ್ಷಮೆ ಕೇಳುವಂಥ ತಪ್ಪೆನಿಸುವುದಿಲ್ಲ. ಮಕ್ಕಳು ಮನೆಯಲ್ಲೇ ಇದ್ದರು.

ಈಗ ಅಲ್ಲಿನ ಹವಾಮಾನ ಸೇವೆ ಒಂದೇ ಅಂಕಿಯ ಬದಲು, ಕನಿಷ್ಠ ಎಷ್ಟು, ಬಹುಶಃ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಮೂರು ನಕ್ಷೆಗಳನ್ನು ಬಿಡಿಸಿ ತೋರಿಸುತ್ತದೆ. ಆ ಮೂರರ ನಡುವಿನ ಅಂತರವನ್ನು ನೋಡಿಕೊಂಡೇ ಶಾಲೆಯ ಅಧಿಕಾರಿ ಐದು ಗಂಟೆಗೆ ಫೋನು ಕೈಗೆತ್ತಿಕೊಳ್ಳಬೇಕು.