ಭ್ರೂಣದಲ್ಲಿ ಕೈ ಮೂಡುವ ಬಗೆ

ಕೇಳುಗರೇ, ನಮಸ್ಕಾರ. ನಿಮ್ಮ ಕಿವಿಯನ್ನೊಮ್ಮೆ ಮಡಚಿ ನೋಡಿ. ಓಲೆ ತೊಡುವ ಮೆತ್ತನೆಯ ಜಾಗವಲ್ಲ, ಅದಕ್ಕಿಂತ ಮೇಲೆ. ಮಡಚುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಅದು ಮೃದ್ವಸ್ಥಿ. ನಮ್ಮ ಕೈಕಾಲಿನ ಎಲುಬುಗಳು ತಾಯಿಯ ಹೊಟ್ಟೆಯಲ್ಲಿ ಮೊದಲು ಮೂಡುವುದು ಮೃದ್ವಸ್ಥಿಯ ಅಚ್ಚಾಗಿ. ಅಚ್ಚು ಕೆಟ್ಟರೆ ಎಲುಬೂ ಕೆಟ್ಟಿತು.

ಈ ಅಚ್ಚು ಹಾಕುವವರು ಯಾರು? ಇವತ್ತು ನಾನು ಹೇಳುವುದು ಒಂದೇ ಮಾತು: ಭ್ರೂಣದ ಜೀವಕೋಶ ನೆರೆಯವರ ಮಾತು ಕೇಳಿ ನಡೆಯುತ್ತದೆ. ನೀನು ಕಿರುಬೆರಳಾಗು ಎಂದು ಯಾವ ಕೋಶದ ಹಣೆಯಲ್ಲೂ ಬರೆದಿರುವುದಿಲ್ಲ.

ಹೇಂಟೆ ಕಾವಿಗೆ ಕೂತರೆ 21 ದಿನಕ್ಕೆ ಮರಿ. ಇದು ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೆ ಮೂರನೇ ದಿನವೇ ರೆಕ್ಕೆಯ ಜಾಗದಲ್ಲಿ ಒಂದು ಮೊಗ್ಗು ಏಳುತ್ತದೆ. ಅದರ ತುದಿಯಲ್ಲಿ ಚರ್ಮ ದಪ್ಪಗಾಗಿ ಒಂದು ಅಂಚು. ಅಮೆರಿಕದ ಜಾನ್ ಸಾಂಡರ್ಸ್ ಆ ಅಂಚನ್ನಷ್ಟೇ ತೆಗೆದು ನೋಡಿದರು. ಅದು ಪ್ರಕಟವಾದದ್ದು 1948ರಲ್ಲಿ. ಬೇಗ ತೆಗೆದರೆ ಮೇಲ್ದೋಳು ಮಾತ್ರ ಬೆಳೆಯಿತು, ಮುಂದಿನದು ಮೊಟಕು. ತಡವಾಗಿ ತೆಗೆದರೆ ಮಣಿಕಟ್ಟಿನ ತನಕ ಬಂತು. 'ಬೆಳೆಯುತ್ತಲೇ ಇರು' ಎನ್ನುವ ಮಾತು ಆ ಅಂಚಿನಿಂದ ಬರುತ್ತದೆ.

ಇಂಥ ಪ್ರಯೋಗಕ್ಕೆ ಮೊಟ್ಟೆಯನ್ನು ಅಡ್ಡ ಮಲಗಿಸಿ, ಸಿರಿಂಜಿನಲ್ಲಿ ಎರಡು ಮೂರು ಮಿಲಿಲೀಟರ್ ಬಿಳಿ ಲೋಳೆ ಹೀರುತ್ತಾರೆ. ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಇದನ್ನು ಮರೆತು ಚಿಪ್ಪು ಕತ್ತರಿಸಿದರೆ ರಕ್ತನಾಳ ಹರಿಯಿತು, ಕತೆ ಮುಗಿಯಿತು. ಸಣ್ಣ ಕಿಟಕಿ ಮಾಡಿ, ಕೆಲಸ ಮುಗಿಸಿ, ಟೇಪು ಅಂಟಿಸಿ ಮತ್ತೆ 38 ಡಿಗ್ರಿ ಕಾವಿಗೆ. ಟೇಪು ಸಡಿಲವಾದರೆ ಭ್ರೂಣ ಒಣಗಿ ಸಾಯುತ್ತದೆ.

1968ರಲ್ಲಿ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ ಇನ್ನೊಂದು ಚಮತ್ಕಾರ ತೋರಿಸಿದರು. ಮೊಗ್ಗಿನ ಹಿಂಬದಿಯ, ಅಂದರೆ ನಮ್ಮ ಕಿರುಬೆರಳ ಬದಿಯ ಒಂದು ತುಣುಕನ್ನು ಹೆಬ್ಬೆರಳ ಬದಿಗೆ ಕಸಿ ಮಾಡಿದರು. ಕೋಳಿಯ ರೆಕ್ಕೆಯಲ್ಲಿ ಇರುವುದು ಮೂರು ಬೆರಳು. ಈಗ ಅವು ಎರಡು ಪಟ್ಟಾದವು, ನಡುವೆ ಕನ್ನಡಿ ಇಟ್ಟಂತೆ!

ರಾತ್ರಿ ಗದ್ದೆ ಬಯಲಿನಲ್ಲಿ ಯಕ್ಷಗಾನದ ಆಟ ಇದೆ ಎನ್ನಿ. ಚೆಂಡೆಯ ಸದ್ದು ಕೇಳಿಯೇ ರಂಗಸ್ಥಳ ಎಷ್ಟು ದೂರ ಎಂದು ಹೇಳುತ್ತೀರಲ್ಲ? ಆ ತುಣುಕು ಚೆಂಡೆ. ಹತ್ತಿರ ನಿಂತು ಜೋರಾಗಿ, ಹೆಚ್ಚು ಹೊತ್ತು ಕೇಳಿದ ಕೋಶಗಳು ಕಿರುಬೆರಳ ಕಡೆಯವು. ದೂರದವು ಹೆಬ್ಬೆರಳ ಕಡೆಯವು. ಎರಡು ಬದಿಯಲ್ಲೂ ಚೆಂಡೆ ಬಡಿದರೆ ಏನಾದೀತು ಎಂದು, ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ ಆಡುವ ಜೋಡಾಟ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. 1993ರಲ್ಲಿ ಆ ಚೆಂಡೆಯ ಗುರುತೂ ಸಿಕ್ಕಿತು. ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು. ಹೌದು, ವಿಡಿಯೋ ಆಟದ ಹೆಸರೇ.

ಗ್ರಹಣದ ದಿನ ಬಸುರಿ ಕತ್ತಿ ಹಿಡಿದಳು, ಅದಕ್ಕೇ ಮಗುವಿನ ಬೆರಳು ಹೀಗಾಯಿತು ಎನ್ನುವವರು ಇನ್ನೂ ಇದ್ದಾರೆ. ದಯವಿಟ್ಟು ಆ ತಾಯಿಯನ್ನು ಬಿಟ್ಟುಬಿಡಿ. ಕೈಯ ಮೊಗ್ಗು ಏಳುವುದು ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ. ಎಂಟನೇ ವಾರ ಮುಗಿಯುವಾಗ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಎಚ್ಚರ ಬೇಕಾದದ್ದು ಮಾತ್ರೆಗಳ ಬಗ್ಗೆ. 1957ರಿಂದ 1961ರ ತನಕ ಜರ್ಮನಿಯಲ್ಲಿ ಮಾರಾಟವಾದ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ ಕೆಡಿಸಿದ್ದು ಇದೇ ಕೆಲವು ವಾರಗಳನ್ನು. ಗರ್ಭ ನಿಂತಿರಬಹುದು ಎನಿಸಿದರೆ ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ.

ಚೆಂಡೆಯ ಮಾತಿನಲ್ಲೇ ಹೊತ್ತು ಹೋಯಿತು, ಮೃದ್ವಸ್ಥಿಗೆ ಬರುತ್ತೇನೆ. ಮೊಗ್ಗಿನ ನಡುವಿನ ಕೋಶಗಳು ಒತ್ತೊತ್ತಾಗಿ ಸೇರುತ್ತವೆ. ಆಗ ಸಾಕ್ಸ್-9 ಎಂಬ ಜೀನ್ ಗಟ್ಟಿಯಾಗಿ ನಿಂತು, ಮೃದ್ವಸ್ಥಿಯ ನಾರಾದ ಕೊಲಾಜೆನ್ ತಯಾರಾಗುತ್ತದೆ. ಚರ್ಮಕ್ಕೆ ಹತ್ತಿರದ ಕೋಶಗಳಿಗೆ ಮಾತ್ರ ಆ ಚರ್ಮದಿಂದ 'ನೀವು ಬೇಡ' ಎಂಬ ಸಂದೇಶ; ಹಾಗಾಗಿಯೇ ಎಲುಬು ಒಳಗೆ, ಮಾಂಸ ಹೊರಗೆ. ಪ್ರಯೋಗಾಲಯದಲ್ಲೂ ಇದೇ: 10 ಮೈಕ್ರೊಲೀಟರ್ ಹನಿಯಲ್ಲಿ ಎರಡು ಲಕ್ಷ ಕೋಶ ತುಂಬಿ ತಟ್ಟೆಗೆ ಹಾಕಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿಯ ಗಂಟು. ಅವೇ ಕೋಶಗಳನ್ನು ತೆಳ್ಳಗೆ ಹರಡಿದರೆ ಗಂಟು ಕಟ್ಟುವುದಿಲ್ಲ. ನೆರೆಯೇ ಇಲ್ಲದ ಮೇಲೆ ಯಾರ ಮಾತು ಕೇಳುವುದು?

ಇನ್ನೊಂದೇ ನಿಮಿಷ ಇದೆಯಂತೆ. ಮೊದಲು ನಮ್ಮ ಬೆರಳುಗಳ ನಡುವೆಯೂ ಪೊರೆ ಇರುತ್ತದೆ. ಬಿಎಂಪಿ ಎಂಬ ಸಂದೇಶ ಬಂದಾಗ ಅಲ್ಲಿನ ಕೋಶಗಳು ತಾವಾಗಿ ಸಾಯುತ್ತವೆ. ಬಾತುಕೋಳಿಯ ಕಾಲಿನಲ್ಲಿ ಗ್ರೆಮ್ಲಿನ್ ಎಂಬ ಪ್ರೋಟೀನು ಆ ಮಾತನ್ನು ತಡೆಯುತ್ತದೆ, ಪೊರೆ ಉಳಿಯುತ್ತದೆ. ಕೋಳಿಗೂ ಬಾತುಕೋಳಿಗೂ ಪಾದದಲ್ಲಿರುವ ವ್ಯತ್ಯಾಸ ಅಷ್ಟೇ. ನಮಸ್ಕಾರ.